ಶಂಟ್ ಸೋಂಕು: ನಾಲ್ಕು ಮಕ್ಕಳ ಆಸ್ಪತ್ರೆಗಳು, ಹನ್ನೊಂದು ಹೆಜ್ಜೆಗಳು

ಮಿದುಳಿನ ಕುಹರಗಳಲ್ಲಿ, ಅಂದರೆ ಒಳಗಿನ ಟೊಳ್ಳು ಕೋಣೆಗಳಲ್ಲಿ, ದ್ರವ ಕಟ್ಟಿಕೊಂಡು ಒತ್ತಡ ಏರುವ ತೊಂದರೆಗೆ ವೈದ್ಯರು ಹೈಡ್ರೋಸೆಫಾಲಸ್ ಎನ್ನುತ್ತಾರೆ. ಪುಸ್ತಕದ ಕನ್ನಡದಲ್ಲಿ ಅದು ಜಲಶೀರ್ಷ, ಮನೆಮಾತಿನಲ್ಲಿ ‘ತಲೆಯಲ್ಲಿ ನೀರು ತುಂಬಿದೆ’. ಅದನ್ನು ಹರಿಸಲು ಹಾಕುವ ಶಂಟ್‌ಗೆ ಮೂರು ಭಾಗಗಳು. ಕುಹರದೊಳಗೆ ಕೂರುವ ಸಿಲಿಕೋನ್ ನಳಿಕೆ ಒಂದು. ಕಿವಿಯ ಹಿಂದೆ ಚರ್ಮದಡಿ ಇರುವ ಕವಾಟ ಇನ್ನೊಂದು. ಕುತ್ತಿಗೆ ಮತ್ತು ಎದೆಯ ಚರ್ಮದಡಿ ಇಳಿದು ಹೊಟ್ಟೆಯೊಳಗೆ ತೆರೆದುಕೊಳ್ಳುವ ಉದ್ದ ನಳಿಕೆ ಮೂರನೆಯದು. ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಒಂದು ಗಂಟೆಯೊಳಗೆ ಮುಗಿಯುತ್ತದೆ. ಗಾಯಗಳು ಚಿಕ್ಕವು, ರಕ್ತ ಹೆಚ್ಚು ಹೋಗುವುದಿಲ್ಲ, ಕರುಳನ್ನು ಕತ್ತರಿಸುವುದಿಲ್ಲ. ಶಸ್ತ್ರಚಿಕಿತ್ಸೆಗಳ ವರ್ಗೀಕರಣದಲ್ಲಿ ಇದು ‘ಶುದ್ಧ’ ಎನಿಸಿಕೊಳ್ಳುವ ಗುಂಪಿಗೆ ಸೇರುತ್ತದೆ. ಹಾಗಿದ್ದೂ ಒಳ್ಳೆಯ ಸೌಲಭ್ಯವಿರುವ ಮಕ್ಕಳ ಆಸ್ಪತ್ರೆಗಳಲ್ಲೇ ನೂರು ಶಂಟ್‌ಗಳಲ್ಲಿ ಎಂಟು ಹತ್ತಕ್ಕೆ ಸೋಂಕು ತಗಲುವುದನ್ನು ದಶಕಗಳ ಕಾಲ ‘ಇದು ಇರುವುದೇ ಹೀಗೆ’ ಎಂದು ಒಪ್ಪಿಕೊಳ್ಳಲಾಗಿತ್ತು.

ಆ ಒಪ್ಪಿಗೆಯನ್ನು ಮುರಿಯಲು ಹೊರಟ ಒಂದು ಪ್ರಯತ್ನ ಇಲ್ಲಿನ ಪ್ರಕರಣ. ಹೈಡ್ರೋಸೆಫಾಲಸ್ ಕ್ಲಿನಿಕಲ್ ರಿಸರ್ಚ್ ನೆಟ್‌ವರ್ಕ್ ಎಂಬ ಕೂಟದಡಿ ಸಾಲ್ಟ್ ಲೇಕ್ ಸಿಟಿ, ಟೊರಾಂಟೊ, ಬರ್ಮಿಂಗ್‌ಹ್ಯಾಮ್ (ಅಲಬಾಮಾ) ಮತ್ತು ಹ್ಯೂಸ್ಟನ್ ನಗರಗಳ ನಾಲ್ಕು ಮಕ್ಕಳ ಆಸ್ಪತ್ರೆಗಳು 2007ರ ಜೂನ್‌ನಿಂದ 2009ರ ಫೆಬ್ರುವರಿವರೆಗೆ ಪ್ರತಿ ಶಂಟ್ ಶಸ್ತ್ರಚಿಕಿತ್ಸೆಯನ್ನೂ ಒಂದೇ ಕ್ರಮದಲ್ಲಿ ಮಾಡಿದವು. ಕ್ರಮದಲ್ಲಿ 11 ಹೆಜ್ಜೆಗಳಿದ್ದವು. 21 ಶಸ್ತ್ರಚಿಕಿತ್ಸಕರು 1,571 ಶಸ್ತ್ರಚಿಕಿತ್ಸೆ ಮಾಡಿದರು, ಪ್ರತಿ ಮಗುವನ್ನೂ ಕನಿಷ್ಠ ಆರು ತಿಂಗಳು ಗಮನಿಸಿದರು. ಜಾನ್ ಕೆಸ್ಲ್ ಮತ್ತು ಸಂಗಡಿಗರು 2011ರಲ್ಲಿ ಫಲಿತಾಂಶ ಪ್ರಕಟಿಸಿದರು.

ಸೋಂಕು ಆದರೆ ಏನಾಗುತ್ತದೆ

ಗಾಯದ ಸೋಂಕು ಎಂದರೆ ಎರಡು ದಿನ ಡ್ರೆಸ್ಸಿಂಗ್, ಒಂದು ವಾರ ಮಾತ್ರೆ ಎಂದು ಭಾವಿಸುವವರಿಗೆ ಶಂಟ್ ಸೋಂಕಿನ ಭಾರ ತಿಳಿದಿರುವುದಿಲ್ಲ. ಬ್ಯಾಕ್ಟೀರಿಯಾ ಸಿಲಿಕೋನ್ ಮೇಲ್ಮೈಗೆ ಅಂಟಿಕೊಂಡು ತಮ್ಮ ಸುತ್ತ ಬಯೋಫಿಲ್ಮ್ ಎಂಬ ಲೋಳೆಯ ಪೊರೆ ಕಟ್ಟಿಕೊಳ್ಳುತ್ತವೆ. ರಕ್ತದಲ್ಲಿ ಹರಿಯುವ ಆಂಟಿಬಯಾಟಿಕ್ ಆ ಪೊರೆಯ ಒಳಗಿರುವ, ಬೆಳವಣಿಗೆ ನಿಧಾನಗೊಳಿಸಿಕೊಂಡು ಕೂತ ಬ್ಯಾಕ್ಟೀರಿಯಾವನ್ನು ಕೊಲ್ಲಲಾರದು. ಆದ್ದರಿಂದ ಚಿಕಿತ್ಸೆಯ ಮೊದಲ ಹೆಜ್ಜೆಯೇ ಶಂಟನ್ನು ಪೂರ್ತಿ ತೆಗೆಯುವುದು. ದ್ರವವಾದರೂ ನಿಲ್ಲುವುದಿಲ್ಲ. ಅದಕ್ಕಾಗಿ ಕುಹರದಿಂದ ಹೊರಗಿನ ಚೀಲಕ್ಕೆ ತಾತ್ಕಾಲಿಕ ನಳಿಕೆ ಹಾಕಬೇಕು. ಮಗು ಆ ನಳಿಕೆಯೊಂದಿಗೆ ಹಾಸಿಗೆಯಲ್ಲೇ ಇರಬೇಕು, ಚೀಲದ ಎತ್ತರವನ್ನು ದಾದಿಯರು ಹೊತ್ತುಹೊತ್ತಿಗೆ ಸರಿಮಾಡುತ್ತಿರಬೇಕು.

ಔಷಧದ ದಿನಗಳು ಬ್ಯಾಕ್ಟೀರಿಯಾವನ್ನು ಅವಲಂಬಿಸುತ್ತವೆ. ಚರ್ಮದ ಸೌಮ್ಯ ಸ್ಟ್ಯಾಫಿಲೋಕಾಕಸ್ ಆಗಿದ್ದು ದ್ರವದಲ್ಲಿ ಜೀವಕೋಶಗಳು ಹೆಚ್ಚು ಕಾಣದಿದ್ದರೆ ಸುಮಾರು 10 ದಿನ. ಸ್ಟ್ಯಾಫಿಲೋಕಾಕಸ್ ಆರಿಯಸ್ ಅಥವಾ ಗ್ರಾಮ್ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾವಾದರೆ 10ರಿಂದ 14 ದಿನ, ಕೆಲವರು ಗ್ರಾಮ್ ನೆಗೆಟಿವ್‌ಗೆ 21 ದಿನ ಕೊಡುತ್ತಾರೆ. ಕಲ್ಚರ್ (ದ್ರವದಲ್ಲಿನ ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಪರೀಕ್ಷೆ) ಸ್ವಚ್ಛವಾದ ಮೇಲಷ್ಟೇ ಹೊಸ ಶಂಟ್. ಅಂದರೆ ಒಂದು ಸೋಂಕಿಗೆ ಕನಿಷ್ಠ ಇನ್ನೆರಡು ಶಸ್ತ್ರಚಿಕಿತ್ಸೆ, ವಾರಗಟ್ಟಲೆ ಆಸ್ಪತ್ರೆವಾಸ. ಇದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಕಾಣದ್ದು. ಕುಹರಗಳ ಒಳಪದರ ಊದಿ ಗೋಡೆಗಳಾಗಿ ಒಡೆದರೆ ಮುಂದೆ ಒಂದೇ ಶಂಟ್ ಎಲ್ಲ ಕೋಣೆಗಳನ್ನೂ ಹರಿಸಲಾರದು. ಮಗುವಿನ ಕಲಿಕೆಯ ಮೇಲೂ ಪೆಟ್ಟು ಬೀಳುತ್ತದೆ.

ಬ್ಯಾಕ್ಟೀರಿಯಾ ಎಲ್ಲಿಂದ ಬರುತ್ತದೆ

ಬಹುಪಾಲು ಶಂಟ್ ಸೋಂಕುಗಳು ಶಸ್ತ್ರಚಿಕಿತ್ಸೆಯಾದ ಮೊದಲ ಎರಡು ತಿಂಗಳೊಳಗೆ ಕಾಣಿಸಿಕೊಳ್ಳುತ್ತವೆ. ಆರು ತಿಂಗಳ ನಂತರ ಹೊಸದಾಗಿ ಕಾಣಿಸುವವು ಕಡಿಮೆ. ಅತಿ ಹೆಚ್ಚು ಸಿಗುವ ಜಾತಿ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಮತ್ತು ಅದರ ಬಂಧುಗಳು. ಅವು ಎಲ್ಲರ ಚರ್ಮದಲ್ಲೂ ವಾಸಿಸುತ್ತವೆ, ಸಾಮಾನ್ಯವಾಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಕ್ಯೂಟಿಬ್ಯಾಕ್ಟೀರಿಯಂ ಆಕ್ನಿಸ್ ಕೂಡ ಚರ್ಮದ್ದೇ, ಮೊಡವೆಗೆ ಸಂಬಂಧಿಸಿದ್ದು. ಕಾಲ ಮತ್ತು ಜಾತಿ, ಈ ಎರಡೂ ಒಂದೇ ಕಡೆ ಬೆರಳು ತೋರಿಸುತ್ತವೆ. ಬ್ಯಾಕ್ಟೀರಿಯಾ ವಾರ್ಡಿನ ಗಾಳಿಯಿಂದ ತಡವಾಗಿ ಬಂದದ್ದಲ್ಲ. ಶಂಟ್ ಒಳಗೆ ಹೋದ ಆ ಹೊತ್ತಿನಲ್ಲೇ, ಮಗುವಿನ ಚರ್ಮದಿಂದಲೋ ತಂಡದ ಕೈಯಿಂದಲೋ ಅದು ನಳಿಕೆಗೆ ಅಂಟಿತು.

ಇದಕ್ಕೆ ಗಟ್ಟಿಯಾದ ಸಾಕ್ಷಿ ಕೊಟ್ಟದ್ದು ಟೊರಾಂಟೊದ ಅಭಯ ಕುಲಕರ್ಣಿ ಮತ್ತು ಸಂಗಡಿಗರ 2001ರ ಅಧ್ಯಯನ. 299 ರೋಗಿಗಳ ಶಂಟ್ ಶಸ್ತ್ರಚಿಕಿತ್ಸೆಗಳನ್ನು ಅವರು ಮುಂದೆ ನಿಂತು ದಾಖಲಿಸಿದರು. ಸೋಂಕಾದವರು ಶೇ 10.4. ಲೆಕ್ಕಹಾಕಿದ ಅನೇಕ ಅಂಶಗಳಲ್ಲಿ ಮೂರು ಮಾತ್ರ ಉಳಿದವು. ಮೊದಲನೆಯದು ಗಾಯದಿಂದ ಮಿದುಳಿನ ದ್ರವ ಸೋರುವುದು, ಅಪಾಯ 19 ಪಟ್ಟು. ಎರಡನೆಯದು ಅವಧಿಗೆ ಮುನ್ನ ಹುಟ್ಟಿ, ಇನ್ನೂ 40 ವಾರ ತುಂಬುವ ಮೊದಲೇ ಶಸ್ತ್ರಚಿಕಿತ್ಸೆಗೆ ಒಳಗಾಗುವುದು, ಸುಮಾರು 4.7 ಪಟ್ಟು. ಮೂರನೆಯದು ರಂಧ್ರವಾದ ಗ್ಲೌಸ್ ಶಂಟ್ ಭಾಗಗಳನ್ನು ತಾಕಿದ ಸಂಖ್ಯೆ. ಪ್ರತಿ ತಾಕುವಿಕೆಗೂ ಅಪಾಯ ಶೇ 7ರಷ್ಟು ಏರಿತು. ಈ ಮೂರನೆಯದನ್ನು ನಾವು ಹೆಚ್ಚು ಬೆಲೆಯುಳ್ಳದ್ದೆಂದು ನೋಡುತ್ತೇವೆ, ಏಕೆಂದರೆ ಇದು ಪೂರ್ತಿ ತಂಡದ ಕೈಯಲ್ಲಿರುವ ಅಂಶ. ಸೂಜಿ ಚುಚ್ಚಿದ್ದು ಶಸ್ತ್ರಚಿಕಿತ್ಸಕರಿಗೇ ಗೊತ್ತಾಗದಿರಬಹುದು. ಗ್ಲೌಸ್ ಒಳಗಿನ ಬೆವರಿನಲ್ಲಿ ಚರ್ಮದ ಬ್ಯಾಕ್ಟೀರಿಯಾ ಹೊತ್ತು ಕಳೆದಂತೆ ಹೆಚ್ಚುತ್ತವೆ. ಸಣ್ಣ ರಂಧ್ರವೊಂದು ಸಾಕು.

2006ರಲ್ಲಿ ಟುಲಿಪಾನ್ ಮತ್ತು ಕ್ಲೀವ್ಸ್ ಹಿಂದಿನ ದಾಖಲೆಗಳನ್ನು ಹೋಲಿಸಿ ನೋಡಿದಾಗ ಒಂದು ಜೊತೆ ಗ್ಲೌಸ್ ಹಾಕಿದ ಕಾಲದಲ್ಲಿ ಸೋಂಕು ಶೇ 15.2, ಎರಡು ಜೊತೆ ಹಾಕಿದ ಕಾಲದಲ್ಲಿ ಶೇ 6.7. ಇದು ದಾಖಲೆಗಳ ಹೋಲಿಕೆ, ಕಟ್ಟುನಿಟ್ಟಿನ ಪ್ರಯೋಗವಲ್ಲ. ಆದರೂ ಟೊರಾಂಟೊದ ಫಲಿತಾಂಶದೊಂದಿಗೆ ಓದಿದಾಗ ತೂಕ ಬರುತ್ತದೆ.

ಇದಕ್ಕೂ ಹಿಂದೆ ಮಾರ್ಸೇಲ್‌ನ ಮೊರಿಸ್ ಶೂ ತಂಡ 1992ರಲ್ಲಿ ಬರೆದದ್ದು ಅನೇಕರಿಗೆ ನಂಬಲು ಕಷ್ಟವಾಯಿತು. ಶಂಟ್‌ಗಳನ್ನು ದಿನದ ಮೊದಲ ಶಸ್ತ್ರಚಿಕಿತ್ಸೆಯಾಗಿ ಹಾಕುವುದು, ಕೋಣೆಯಲ್ಲಿ ಜನ ಕಡಿಮೆ ಮಾಡುವುದು, ಸಾಧನವನ್ನು ಹಾಕುವ ಕ್ಷಣದವರೆಗೆ ಪೊಟ್ಟಣದಿಂದ ತೆಗೆಯದಿರುವುದು, ಹೆಚ್ಚು ಕೆಲಸ ಮಾಡಿದ ಕೈಗೇ ಕೆಲಸ ಕೊಟ್ಟು ಅವಧಿ ಕಡಿಮೆ ಮಾಡುವುದು, ಇಂತಹ ಕ್ರಮದಿಂದ ರೋಗಿಗಳ ಲೆಕ್ಕದಲ್ಲಿ ಸೋಂಕು ಶೇ 15.56ರಿಂದ 0.33ಕ್ಕೆ ಇಳಿಯಿತು. ಅಷ್ಟು ಆಳಕ್ಕೆ ಇನ್ನೊಂದು ಕಡೆ ಇಳಿಸುವುದು ಕಷ್ಟವಾದರೂ ದಾರಿ ಯಾವ ಕಡೆಗಿದೆ ಎಂಬುದು ಆಗಲೇ ಗೊತ್ತಿತ್ತು.

ಕ್ರಮದಲ್ಲಿ ಏನೇನಿತ್ತು

ಬಾಗಿಲಿಗೆ ಫಲಕ: ‘ಶಂಟ್ ನಡೆಯುತ್ತಿದೆ, ಅಗತ್ಯವಿಲ್ಲದೆ ಒಳಬರಬೇಡಿ’. ಬಾಗಿಲು ತೆರೆದಷ್ಟು ಸಲ ಕೋಣೆಯ ಗಾಳಿಯ ಒತ್ತಡ ಮುರಿಯುತ್ತದೆ, ಜನರ ಚರ್ಮದ ಹೊಟ್ಟು ಗಾಳಿಗೆ ಏರುತ್ತದೆ. ಮಗುವಿನ ತಲೆಯನ್ನು ಮುಖ್ಯ ಬಾಗಿಲಿನಿಂದ ದೂರ ಇಡುವುದೂ ಅದೇ ಕಾರಣಕ್ಕೆ.

ಕೂದಲನ್ನು ಬ್ಲೇಡಿನಿಂದ ಬೋಳಿಸುವುದಿಲ್ಲ. ಬ್ಲೇಡ್ ಚರ್ಮದಲ್ಲಿ ಕಣ್ಣಿಗೆ ಕಾಣದ ಗೀರು ಬಿಡುತ್ತದೆ, ಗೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬೇಕಾದರೆ ಕ್ಲಿಪ್ಪರಿನಿಂದ ಬೇಕಾದಷ್ಟೇ ಜಾಗದಲ್ಲಿ ಕತ್ತರಿಸುವುದು.

ಚರ್ಮಕ್ಕೆ ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಿವಾರಕ ಹಚ್ಚಿ ಕನಿಷ್ಠ 3 ನಿಮಿಷ ಒಣಗಲು ಬಿಡಬೇಕು. ಗಡಿಬಿಡಿಯಲ್ಲಿ ತಪ್ಪಿಹೋಗುವ ಹೆಜ್ಜೆಗಳಲ್ಲಿ ಇದು ಮುಂಚೂಣಿಯದು. ಹಸಿ ಚರ್ಮದ ಮೇಲೆ ಬಟ್ಟೆ ಹೊದಿಸಿದರೆ ಔಷಧಕ್ಕೆ ಕೆಲಸ ಮಾಡಲು ಹೊತ್ತು ಸಿಗದು, ಅಂಟುಹಾಳೆ ಸರಿಯಾಗಿ ಅಂಟದು, ಡಯಾಥರ್ಮಿಯ (ವಿದ್ಯುತ್ತಿನ ಬಿಸಿಯಿಂದ ರಕ್ತ ನಿಲ್ಲಿಸುವ ಉಪಕರಣ) ಕಿಡಿಗೆ ಆಲ್ಕೋಹಾಲ್ ಹೊತ್ತಿಕೊಳ್ಳುವ ಅಪಾಯವೂ ಇದೆ. ಇನ್ನೊಂದು ಎಚ್ಚರಿಕೆ: ಅವಧಿಪೂರ್ವ ಶಿಶುಗಳಲ್ಲಿ ಮತ್ತು ಎರಡು ತಿಂಗಳೊಳಗಿನ ಮಕ್ಕಳಲ್ಲಿ ಇದೇ ದ್ರಾವಣ ಚರ್ಮವನ್ನು ಸುಡಬಹುದು. ಬೆನ್ನಡಿಗೆ ಅಥವಾ ಮಡಿಕೆಗಳಿಗೆ ಹರಿದು ನಿಲ್ಲದಂತೆ ನೋಡಿಕೊಳ್ಳಬೇಕು.

ತಂಡದ ಪ್ರತಿಯೊಬ್ಬರೂ ಬೆಟಾಡಿನ್ ಅಥವಾ ಕ್ಲೋರ್‌ಹೆಕ್ಸಿಡಿನ್‌ನಿಂದ ಪೂರ್ಣ ಕೈತೊಳೆತ ಮಾಡಬೇಕು, ಎರಡು ಜೊತೆ ಗ್ಲೌಸ್ ಹಾಕಬೇಕು. ಅಯೋಡಿನ್ ಬೆರೆತ ಅಂಟುಹಾಳೆಯನ್ನು ಚರ್ಮಕ್ಕೆ ಅಂಟಿಸಬೇಕು.

ಆಂಟಿಬಯಾಟಿಕ್ ಚರ್ಮ ಕೊಯ್ಯುವ ಮೊದಲೇ ಒಳಗಿರಬೇಕು. ಸೆಫಾಜೊಲಿನ್ ಆದರೆ ಮಕ್ಕಳಿಗೆ ಕೆ.ಜಿ.ಗೆ 30 ಮಿ.ಗ್ರಾಂ, ಅಂದರೆ 6 ಕೆ.ಜಿ. ಮಗುವಿಗೆ 180 ಮಿ.ಗ್ರಾಂ, ಕೊಯ್ಯುವ ಮುನ್ನಿನ 60 ನಿಮಿಷದೊಳಗೆ. ವ್ಯಾಂಕೊಮೈಸಿನ್ ಆದರೆ ಕೆ.ಜಿ.ಗೆ 15 ಮಿ.ಗ್ರಾಂ, ಆದರೆ ಅದನ್ನು ಸುಮಾರು ಒಂದು ಗಂಟೆ ಹನಿಹನಿಯಾಗಿ ಕೊಡಬೇಕಾದ್ದರಿಂದ ಎರಡು ಗಂಟೆ ಮೊದಲೇ ಶುರುಮಾಡಬೇಕು. ವಾರ್ಡಿನಲ್ಲಿ ಬರೆದುಬಿಟ್ಟರೆ ಸಾಲದು. ಥಿಯೇಟರಿಗೆ ಬರುವ ಹೊತ್ತಿಗೆ ಔಷಧ ಕೊಟ್ಟಿಲ್ಲದಿದ್ದರೆ ಎಲ್ಲರೂ ಸಿದ್ಧರಿರುವಾಗ ಕಾಯುವ ಧೈರ್ಯ ಕಡಿಮೆಯಾಗುತ್ತದೆ. ಆದ್ದರಿಂದಲೇ ಕೊಯ್ಯುವ ಮುನ್ನ ‘ಕೊಟ್ಟಾಗಿದೆಯೇ?’ ಎಂದು ಬಾಯಿಬಿಟ್ಟು ಕೇಳುವುದನ್ನು ಒಂದು ಹೆಜ್ಜೆಯಾಗಿಯೇ ಬರೆಯಲಾಯಿತು. ಕೊನೆಯಲ್ಲಿ ಗಾಯ ಮುಚ್ಚುವ ಮುನ್ನ ವ್ಯಾಂಕೊಮೈಸಿನ್ ಮತ್ತು ಜೆಂಟಾಮೈಸಿನ್ ಅನ್ನು ಶಂಟ್‌ನ ಜಲಾಶಯದೊಳಗೇ (ಚರ್ಮದಡಿ ದ್ರವ ನಿಲ್ಲುವ ಅದರ ಪುಟ್ಟ ಕೋಶ) ಚುಚ್ಚುಮದ್ದಿನಿಂದ ಸೇರಿಸಲಾಗುತ್ತಿತ್ತು.

ಇವುಗಳಲ್ಲಿ ಯಾವುದೂ ಹೊಸದಲ್ಲ. ಹೊಸದು ಎಲ್ಲವನ್ನೂ ಪ್ರತಿ ಮಗುವಿಗೂ ಮಾಡಿ, ಮಾಡಿದ್ದನ್ನು ಕೂಡಲೇ ಬರೆದಿಟ್ಟದ್ದು.

ಫಲಿತಾಂಶ

ಹಿಂದೆ ಆ ಆಸ್ಪತ್ರೆಗಳಲ್ಲಿ ಸೋಂಕು ಶೇ 8.8 ಇತ್ತು. ಕ್ರಮದ ಅವಧಿಯಲ್ಲಿ ಅದು 5.7ಕ್ಕೆ ಇಳಿಯಿತು. ಇಳಿಕೆ 3.15 ಅಂಶ, ಅಂದರೆ ಸುಮಾರು 32 ಶಸ್ತ್ರಚಿಕಿತ್ಸೆಗೆ ಒಂದು ಸೋಂಕು ತಪ್ಪಿತು. 1,571ರ ಲೆಕ್ಕದಲ್ಲಿ ಸುಮಾರು 50 ಮಕ್ಕಳು ಆ ಎರಡು ಹೆಚ್ಚುವರಿ ಶಸ್ತ್ರಚಿಕಿತ್ಸೆಗಳಿಂದ ಪಾರಾದರು.

ಎಲ್ಲ ಹೆಜ್ಜೆಯನ್ನೂ ಪೂರ್ತಿ ಪಾಲಿಸಿದ ಶಸ್ತ್ರಚಿಕಿತ್ಸೆಗಳು ಶೇ 74.5 ಮಾತ್ರ. ಅವುಗಳಲ್ಲಿ ಸೋಂಕು ಶೇ 5.0, ಒಂದಾದರೂ ಹೆಜ್ಜೆ ತಪ್ಪಿದವುಗಳಲ್ಲಿ 8.7. ಎರಡನೆಯ ಅಂಕಿ ಹಳೆಯ 8.8ಕ್ಕೆ ಎಷ್ಟು ಹತ್ತಿರ ಎಂಬುದನ್ನು ಗಮನಿಸಿ. ಪಟ್ಟಿ ಗೋಡೆಯ ಮೇಲಿದ್ದರೂ ನಾಲ್ಕರಲ್ಲಿ ಒಂದು ಮಗುವಿಗೆ ಹಳೆಯ ದಿನಗಳೇ ಮುಂದುವರಿದಂತಾಯಿತು. ಹೆಜ್ಜೆ ತಪ್ಪಿದ ಶಸ್ತ್ರಚಿಕಿತ್ಸೆಗಳಲ್ಲಿ ತುರ್ತಿನವು ಹೆಚ್ಚಿದ್ದಿರಬಹುದು, ಮಕ್ಕಳ ಸ್ಥಿತಿಯೂ ಬೇರೆಯಿರಬಹುದು. ಹಾಗಾಗಿ ವ್ಯತ್ಯಾಸವನ್ನೆಲ್ಲ ಪಟ್ಟಿಗೇ ಕಟ್ಟಲಾಗದು.

ವಿಶ್ಲೇಷಣೆಯಲ್ಲಿ ಎದ್ದು ನಿಂತ ಎರಡು ಸಂಗತಿಗಳಿವೆ. ತಂಡದಲ್ಲಿ ಯಾರಾದರೂ ಪೂರ್ಣ ಕೈತೊಳೆತದ ಬದಲು ಸೋಂಕುನಿವಾರಕ ಕ್ರೀಮ್ ಉಜ್ಜಿಕೊಂಡಿದ್ದರೆ ಸೋಂಕಿನ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚು. ಶಸ್ತ್ರಚಿಕಿತ್ಸಕರು ಮಾತ್ರ ಎಂದಲ್ಲ, ‘ಯಾರಾದರೂ’. ಒಬ್ಬ ಸಹಾಯಕನ ಅವಸರ ಇಡೀ ತಂಡದ ಶ್ರಮವನ್ನು ಕೆಡಿಸಬಲ್ಲದು. ಇನ್ನೊಂದು, ನೀರನ್ನು ಹೀರಿಕೊಳ್ಳುವ ಲೇಪನವಿದ್ದ ಒಂದು ಬಗೆಯ ನಳಿಕೆ ಸೋಂಕನ್ನು ಸುಮಾರು ಎರಡು ಪಟ್ಟು ಹೆಚ್ಚಿಸಿದ್ದು. ಬ್ಯಾಕ್ಟೀರಿಯಾ ಅಂಟದಿರಲಿ ಎಂಬ ಆಸೆಯಿಂದ ತಂದ ವಸ್ತು ಎದುರು ಫಲ ಕೊಟ್ಟಿತು.

ಎರಡನೇ ಸುತ್ತು, ಮತ್ತು ಒಂದು ತೊಡಕು

ಮುಂದಿನ ಕ್ರಮದಲ್ಲಿ ಜಲಾಶಯದೊಳಗಿನ ಚುಚ್ಚುಮದ್ದನ್ನು ಬಿಟ್ಟು, ಅದರ ಬದಲು ರಿಫಾಂಪಿಸಿನ್ ಮತ್ತು ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್ ತುಂಬಿದ ಸಿಲಿಕೋನ್ ನಳಿಕೆಗಳನ್ನು ಹಾಕಲಾಯಿತು. ಈ ಬಾರಿ ಎಂಟು ಆಸ್ಪತ್ರೆಗಳು, 1,935 ಶಸ್ತ್ರಚಿಕಿತ್ಸೆ. 2016ರಲ್ಲಿ ಬಂದ ಫಲಿತಾಂಶ ಶೇ 6.0. ದುಬಾರಿ ನಳಿಕೆ ಬಂದರೂ ಸೋಂಕು ಇನ್ನಷ್ಟು ಇಳಿಯಲಿಲ್ಲ.

ಹಾಗಾದರೆ ಆ ನಳಿಕೆಗಳಿಂದ ಪ್ರಯೋಜನವಿಲ್ಲವೇ? ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ನಡೆದ ‘ಬೇಸಿಕ್ಸ್’ ಪ್ರಯೋಗ ಬೇರೆ ಉತ್ತರ ಕೊಡುತ್ತದೆ. 2019ರಲ್ಲಿ ಪ್ರಕಟವಾದ ಅದರಲ್ಲಿ ಎಲ್ಲ ವಯಸ್ಸಿನ 1,605 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪಾಗಿ ಹಂಚಲಾಯಿತು. ಸಾಮಾನ್ಯ ನಳಿಕೆ ಶೇ 6, ಬೆಳ್ಳಿ ತುಂಬಿದ್ದು ಶೇ 6, ಆಂಟಿಬಯಾಟಿಕ್ ತುಂಬಿದ್ದು ಶೇ 2. ಇವರೆಲ್ಲ ಮೊದಲ ಬಾರಿ ಶಂಟ್ ಹಾಕಿಸಿಕೊಂಡವರು. ನಮ್ಮ ಓದು ಹೀಗೆ: ಆ ಕೂಟದ ಎರಡನೇ ಕ್ರಮದಲ್ಲಿ ಒಂದು ಔಷಧಮಾರ್ಗವನ್ನು ತೆಗೆದು ಇನ್ನೊಂದನ್ನು ಇಟ್ಟದ್ದರಿಂದ ಲೆಕ್ಕ ಸಮವಾಗಿ ಉಳಿಯಿತು, ಪದೇಪದೇ ಶಂಟ್ ಬದಲಿಸಿಕೊಂಡ ಮಕ್ಕಳೂ ಅಲ್ಲಿ ಇದ್ದರು. ಇದು ಸಾಬೀತಾದ ಮಾತಲ್ಲ, ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಮಾಡಿದ ಊಹೆ. ಬೆಳ್ಳಿ ವಿಷಯದಲ್ಲಿ ಮಾತ್ರ ಅನುಮಾನಕ್ಕೆ ಜಾಗವಿಲ್ಲ. ಶಂಟ್‌ಗೆ ಅದಕ್ಕಾಗಿ ಹೆಚ್ಚು ಹಣ ಕೊಡಬೇಕಿಲ್ಲ.

ಬದಲಿಸಲಾಗದ ಅಪಾಯಗಳು

ಕೆಲವು ಮಕ್ಕಳು ಹೆಚ್ಚು ಅಪಾಯ ಹೊತ್ತೇ ಮೇಜಿಗೆ ಬರುತ್ತಾರೆ. ಅವಧಿಪೂರ್ವ ಶಿಶುವಿನ ಚರ್ಮದ ಹೊರಪದರ ತೆಳು, ತಾಯಿಯಿಂದ ಬರುವ ಪ್ರತಿಕಾಯಗಳ ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ ದಾಟುವುದರಿಂದ ಅದರ ಪಾಲಿಗೆ ಸಿಕ್ಕಿದ್ದೂ ಕಡಿಮೆ. ವಾರಗಟ್ಟಲೆ ನವಜಾತ ಘಟಕದಲ್ಲಿದ್ದು ಚರ್ಮದಲ್ಲಿ ಆಸ್ಪತ್ರೆಯ ಗಟ್ಟಿ ಬ್ಯಾಕ್ಟೀರಿಯಾ ನೆಲೆಸಿರುತ್ತದೆ. ಅದಕ್ಕಾಗಿ ಸಾಧ್ಯವಾದರೆ ಮೊದಲು ತಲೆಯ ಚರ್ಮದಡಿ ಚಿಕ್ಕ ಜಲಾಶಯ ಇಟ್ಟು ಆಗಾಗ ದ್ರವ ತೆಗೆಯುತ್ತಾ, ಮಗು ತೂಕ ಹಿಡಿದ ಮೇಲೆ ಶಂಟ್ ಹಾಕುತ್ತಾರೆ.

ಮರುಶಸ್ತ್ರಚಿಕಿತ್ಸೆ ಇನ್ನೂ ದೊಡ್ಡ ಅಂಶ. ಇದೇ ಕೂಟದ ನಂತರದ ಲೆಕ್ಕದಲ್ಲಿ ಒಮ್ಮೆ ಶಂಟ್ ಸರಿಪಡಿಸಿಕೊಂಡ ಮಗುವಿಗೆ ಸೋಂಕಿನ ಅಪಾಯ ಸುಮಾರು ನಾಲ್ಕು ಪಟ್ಟು, ಎರಡು ಅಥವಾ ಹೆಚ್ಚು ಬಾರಿಯಾದರೆ ಹತ್ತು ಪಟ್ಟನ್ನೂ ಮೀರಿತು. ಪ್ರತಿ ಸಲ ತೆರೆದಾಗ ಹಳೆಯ ಕಲೆಯಿರುವ, ರಕ್ತಸಂಚಾರ ಕಡಿಮೆಯಿರುವ ಚರ್ಮವನ್ನೇ ತೆರೆಯಬೇಕು. ಹಿಂದೆ ಕಟ್ಟಿಕೊಂಡ ಶಂಟ್‌ಗೆ ಕಾರಣ ಗುಪ್ತ ಸೋಂಕೇ ಆಗಿದ್ದರೂ ಇರಬಹುದು. ಹಾಗಾಗಿ ಸರಿಪಡಿಸುವಾಗ ತೆಗೆದ ದ್ರವವನ್ನು ತಪ್ಪದೆ ಕಲ್ಚರ್‌ಗೆ ಕಳಿಸಬೇಕು. ಶಂಟ್ ಬೇಡದೆಯೇ ಎಂಡೋಸ್ಕೋಪಿನಿಂದ ಕುಹರದ ತಳದಲ್ಲಿ ದಾರಿ ಮಾಡಬಹುದಾದ ಮಕ್ಕಳಲ್ಲಿ ಅದನ್ನು ಮೊದಲು ಯೋಚಿಸುವುದಕ್ಕೆ ಇದೂ ಒಂದು ಕಾರಣ. ಒಳಗೆ ಸಾಧನವೇ ಇಲ್ಲದಿದ್ದರೆ ಪೊರೆ ಕಟ್ಟಲು ಜಾಗವೂ ಇಲ್ಲ.

ದ್ರವ ಸೋರುವುದನ್ನು ಮಾತ್ರ ಈ ಪಟ್ಟಿಗೆ ಸೇರಿಸಬಾರದು. ಮಿದುಳಿನ ಹೊದಿಕೆಯಲ್ಲಿ ನಳಿಕೆಗೆ ಬೇಕಾದಷ್ಟೇ ರಂಧ್ರ, ತಲೆಯ ಚರ್ಮವನ್ನು ಎರಡು ಪದರಗಳಲ್ಲಿ ಬಿಗಿಯಾಗಿ ಹೊಲಿಯುವುದು, ಕವಾಟದ ಮೇಲೆ ನೇರವಾಗಿ ಬೀಳದಂತೆ ಗಾಯದ ಗೆರೆ ಇಡುವುದು, ಇವು ಕೈಚಳಕದ ವಿಷಯ. ಗಾಯದಿಂದ ಸ್ವಚ್ಛ ನೀರಿನಂಥದ್ದು ಹನಿದರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ.

ಬೆಲೆಯ ಮಾತು

ಉಗಾಂಡದ ಎಂಬಾಲೆಯಲ್ಲಿರುವ ಮಕ್ಕಳ ಆಸ್ಪತ್ರೆಯಲ್ಲಿ ಬೆಂಜಮಿನ್ ವಾರ್ಫ್ ಭಾರತದಲ್ಲಿ ತಯಾರಾದ ಛಾಬ್ರಾ ಶಂಟನ್ನು ಅಮೆರಿಕದ ಒಂದು ಶಂಟ್ ಜೊತೆ 195 ಮಕ್ಕಳಲ್ಲಿ ಹೋಲಿಸಿ 2005ರಲ್ಲಿ ಬರೆದರು. ಆಗ ಛಾಬ್ರಾ ಶಂಟಿನ ಬೆಲೆ ಸುಮಾರು 35 ಡಾಲರ್, ಅಮೆರಿಕದ್ದರ ಬೆಲೆ 650. ಒಂದು ವರ್ಷದ ಫಲಿತಾಂಶದಲ್ಲಿ ಎದ್ದು ಕಾಣುವ ವ್ಯತ್ಯಾಸ ಸಿಗಲಿಲ್ಲ. ನಮ್ಮ ಸರ್ಕಾರಿ ಆಸ್ಪತ್ರೆಗಳ ಪೋಷಕರು ‘ಅಗ್ಗದ್ದು ಹಾಕಿದ್ದಕ್ಕೇ ಸೋಂಕಾಯಿತೇ’ ಎಂದು ಕೊರಗುವುದುಂಟು. ಹಾಗೆ ಕೊರಗಬೇಕಾದ ಕಾರಣ ಈ ಅಂಕಿಗಳಲ್ಲಿಲ್ಲ. ಎರಡನೇ ಜೊತೆ ಗ್ಲೌಸ್, ಮೂರು ನಿಮಿಷದ ಕಾಯುವಿಕೆ, ಮುಚ್ಚಿದ ಬಾಗಿಲು, ಇವಕ್ಕೆ ಜಿಲ್ಲಾ ಆಸ್ಪತ್ರೆಯ ಬಜೆಟ್ ಕೂಡ ಸಾಕು.

ಮನೆಗೆ ಹೋದ ಮೇಲೆ

ಹೊಲಿಗೆ ಪೂರ್ತಿ ಒಣಗುವವರೆಗೆ ಮಗುವಿನ ನೆತ್ತಿಗೆ ಹರಳೆಣ್ಣೆ, ಅರಿಶಿನ, ವಿಭೂತಿ ಯಾವುದೂ ಬೇಡ. ಎಣ್ಣೆಸ್ನಾನವನ್ನು ವೈದ್ಯರು ಹೇಳುವವರೆಗೆ ಮುಂದೂಡಬೇಕು. ಕವಾಟವಿರುವ ಕಡೆಗೇ ತಲೆಯೊತ್ತಿ ಮಲಗಿಸಿದರೆ ಎಳೆಯ ಚರ್ಮ ಸವೆದು ಶಂಟ್ ಹೊರಗೆ ಕಾಣಬಹುದು, ಹಾಗೆ ಕಂಡರೆ ಕಲ್ಚರ್ ಇಲ್ಲದೆಯೇ ಅದನ್ನು ಸೋಂಕು ಎಂದೇ ಎಣಿಸುತ್ತಾರೆ. ನಳಿಕೆಯ ದಾರಿಯುದ್ದಕ್ಕೂ ಕೆಂಪು, ಊತ, ಗಾಯದ ತೇವ, ವಾಂತಿ, ಎಂದಿಗಿಂತ ಹೆಚ್ಚು ನಿದ್ದೆ ಅಥವಾ ಕಿರಿಕಿರಿ, ಹೊಟ್ಟೆ ಉಬ್ಬುವುದು, ಇವು ಬಂದರೆ ಜ್ವರ ಇಲ್ಲದಿದ್ದರೂ ತೋರಿಸಬೇಕು. ಸೌಮ್ಯ ಬ್ಯಾಕ್ಟೀರಿಯಾದ ಸೋಂಕಿನಲ್ಲಿ ಜ್ವರ ಬಾರದೆ ಇರುವುದು ಅಪರೂಪವಲ್ಲ. ಹೊಟ್ಟೆಯಲ್ಲಿ ದ್ರವದ ಗಡ್ಡೆ ಕಟ್ಟಿದ್ದಷ್ಟೇ ಮೊದಲ ಸುಳಿವಾಗಿರಬಹುದು.

ಆಸ್ಪತ್ರೆಯಲ್ಲಿ ದ್ರವವನ್ನು ಶಂಟ್‌ನ ಜಲಾಶಯದಿಂದ ತೆಳುವಾದ ಸೂಜಿಯಲ್ಲಿ ತೆಗೆಯುತ್ತಾರೆ. ಪ್ರಯೋಗಾಲಯಕ್ಕೆ ‘ಶಂಟ್ ದ್ರವ’ ಎಂದು ಬರೆದು ಕಳಿಸದಿದ್ದರೆ ಅವರು ತಟ್ಟೆಗಳನ್ನು ಕೆಲವೇ ದಿನಗಳಲ್ಲಿ ಎಸೆಯುವ ಸಾಧ್ಯತೆಯಿದೆ; ಕ್ಯೂಟಿಬ್ಯಾಕ್ಟೀರಿಯಂ ಬೆಳೆಯಲು 10ರಿಂದ 14 ದಿನ ಬೇಕು. ಶಂಟ್ ಇರುವ ಮಗುವಿಗೆ ಜ್ವರ ಬಂದು ಊರಿನ ಕ್ಲಿನಿಕ್‌ಗೆ ಹೋದಾಗ ಪೋಷಕರು ಮೊದಲ ಮಾತಿನಲ್ಲೇ ‘ಶಂಟ್ ಇದೆ, ಇಂಥ ದಿನ ಹಾಕಿದ್ದು’ ಎಂದು ಹೇಳಬೇಕು. ಕಾರಣ ಗೊತ್ತಾಗುವ ಮೊದಲೇ ಆಂಟಿಬಯಾಟಿಕ್ ಸಿರಪ್ ಕುಡಿಸಿದರೆ ಜ್ವರ ತಾತ್ಕಾಲಿಕವಾಗಿ ಇಳಿಯುತ್ತದೆ, ಕಲ್ಚರ್ ಬರಿದಾಗಿ ಬರುತ್ತದೆ, ಪೊರೆಯೊಳಗಿನ ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಉಳಿಯುತ್ತದೆ.